ಬಾರ್ಕ್ಲಿಯ ಜೆನ್ನರ್ ಮನೆ ಮತ್ತು ಅಜ್ಜಿಯ ತೋಳಿನ ಕಲೆ

ಊರಿನಿಂದ ಹಿರಿಯರು ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಇಂಗ್ಲೆಂಡಿನಲ್ಲಿರುವ ನಮ್ಮೆಲ್ಲರ ಮನೆಗಳಲ್ಲೂ ಬೇಸಿಗೆ ಬಂತೆಂದರೆ ಏಳುವ ಪ್ರಶ್ನೆ ಇದು. ಟವರ್ ಬ್ರಿಜ್, ಬಕಿಂಗ್‌ಹ್ಯಾಮ್ ಅರಮನೆ, ಸ್ಟೋನ್‌ಹೆಂಜ್, ಬಾತ್ ನಗರ ಇವೆಲ್ಲ ಮೊದಲ ಎರಡು ಭೇಟಿಗಳಲ್ಲೇ ಮುಗಿದುಹೋಗುತ್ತವೆ. ಮೂರನೆಯ ಸಲ ಬಂದ ನಮ್ಮ ಅತ್ತೆಯವರು, "ಹೆಚ್ಚು ನಡೆಸಬೇಡಿ, ಹೆಚ್ಚು ಮೆಟ್ಟಿಲು ಬೇಡ, ಗಿಡಮರ ಇದ್ದರೆ ಸಾಕು" ಎಂದು ಮೊದಲೇ ಷರತ್ತು ಹಾಕಿದ್ದರು. ಹಾಗೆ ಹುಡುಕುತ್ತಿದ್ದಾಗ ನೆನಪಾದದ್ದು ಗ್ಲಾಸ್ಟರ್‌ಶೈರಿನ ಬಾರ್ಕ್ಲಿ ಎಂಬ ಪುಟ್ಟ ಊರಿನಲ್ಲಿರುವ ಡಾಕ್ಟರ್ ಎಡ್ವರ್ಡ್ ಜೆನ್ನರ್ ಅವರ ಮನೆ ಮತ್ತು ತೋಟ. ಸಿಡುಬಿಗೆ ಲಸಿಕೆ ಕೊಟ್ಟವರೆಂದು ನಾವೆಲ್ಲ ಮಿಡ್ಲ್ ಸ್ಕೂಲಿನಲ್ಲಿ ಉರು ಹೊಡೆದ ಹೆಸರು ಅದು.

ಒಂದು ಮಧ್ಯಾಹ್ನ ಕಳೆಯಲು ಹೋದ ನಾವು ಆ ಮನೆಗೂ ಮೈಸೂರಿಗೂ ಇರುವ ನಂಟನ್ನೂ, ನಮ್ಮ ಮನೆಯಲ್ಲೇ ಎಪ್ಪತ್ತು ವರ್ಷ ಯಾರೂ ಆಡದೇ ಇದ್ದ ಒಂದು ಮಾತನ್ನೂ ತಿಳಿದು ಬಂದೆವು. ಬಂದ ಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ.

ಮನೆ ಮತ್ತು ಮನೆಯ ಯಜಮಾನ

ಬ್ರಿಸ್ಟಲ್ ಮತ್ತು ಗ್ಲಾಸ್ಟರ್ ನಡುವೆ ಎಂ5 ಹೆದ್ದಾರಿ ಬಿಟ್ಟು ಸೆವರ್ನ್ ನದಿಯ ಕಡೆಗೆ ಹೊರಳಿದರೆ ಬಾರ್ಕ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಇದರ ಕಾಗುಣಿತ ಅಮೆರಿಕದ ಬರ್ಕ್ಲಿಯದೇ. ಇಲ್ಲಿಯವರ ಉಚ್ಚಾರ ಮಾತ್ರ ಬಾರ್ಕ್ಲಿ. ಊರಿನಲ್ಲಿ ಒಂದು ಹಳೆಯ ಕೋಟೆ ಇದೆ. 1327ರಲ್ಲಿ ದೊರೆ ಎರಡನೆಯ ಎಡ್ವರ್ಡ್ ಸೆರೆಯಲ್ಲಿದ್ದು ಸತ್ತದ್ದು ಅಲ್ಲೇ. ಕೋಟೆಯ ಪಕ್ಕಕ್ಕೆ ಸೇಂಟ್ ಮೇರಿ ಚರ್ಚು. ಅದರ ಗಂಟೆಗೋಪುರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿದೆ. ಚರ್ಚಿನ ಮಗ್ಗುಲಲ್ಲೇ ಜೆನ್ನರ್ ಮನೆ. ಹೆಸರು 'ದಿ ಚಾಂಟ್ರಿ'.

ಜೆನ್ನರ್ ಹುಟ್ಟಿದ್ದು ಇದೇ ಊರಿನಲ್ಲಿ, 1749ರ ಮೇ 17ರಂದು. ತಂದೆ ಇದೇ ಚರ್ಚಿನ ಪಾದ್ರಿ. ಐದನೆಯ ವಯಸ್ಸಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗನನ್ನು ಅಣ್ಣ ಅಕ್ಕಂದಿರು ಸಾಕಿದರು. ಹದಿವಯಸ್ಸಿನಲ್ಲೇ ಹತ್ತಿರದ ಊರಿನ ಶಸ್ತ್ರವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿತು, 1770ರಲ್ಲಿ ಲಂಡನ್ನಿಗೆ ಹೋಗಿ ಆ ಕಾಲದ ದೊಡ್ಡ ಶಸ್ತ್ರವೈದ್ಯ ಜಾನ್ ಹಂಟರ್ ಅವರ ಶಿಷ್ಯರಾದರು. ಲಂಡನ್ನಿನಲ್ಲಿ ನೆಲೆಸಬಹುದಿತ್ತು. ಆದರೆ ಓದು ಮುಗಿಸಿ ಹುಟ್ಟೂರಿಗೇ ಮರಳಿ ಹಳ್ಳಿ ಡಾಕ್ಟರಾದರು. ಚಾಂಟ್ರಿಯನ್ನು ಕೊಂಡದ್ದು 1785ರಲ್ಲಿ. 1823ರ ಜನವರಿ 26ರಂದು ಕೊನೆಯುಸಿರೆಳೆದದ್ದೂ ಅದೇ ಮನೆಯಲ್ಲಿ. ಸಮಾಧಿ ಪಕ್ಕದ ಚರ್ಚಿನೊಳಗೇ ಇದೆ.

ಮನೆ ಅರಮನೆಯಂಥದ್ದೇನೂ ಅಲ್ಲ. ಅನುಕೂಲಸ್ಥ ಡಾಕ್ಟರೊಬ್ಬರ ಮನೆ, ಅಷ್ಟೆ. ಅವರು ಕೂತು ಬರೆಯುತ್ತಿದ್ದ ಕೋಣೆಯನ್ನು ಅಂದಿನಂತೆಯೇ ಕಾಣುವ ಹಾಗೆ ಇಟ್ಟಿದ್ದಾರೆ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಎಂದರೆ ಜೆನ್ನರ್ ರಾಯಲ್ ಸೊಸೈಟಿಯ ಫೆಲೋ ಆದದ್ದು ಸಿಡುಬಿನಿಂದಲ್ಲ, ಕೋಗಿಲೆಯಿಂದ. ಕೋಗಿಲೆ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುವುದು ನಮಗೂ ಗೊತ್ತು. ಇಲ್ಲಿನ ಕೋಗಿಲೆಯ ಮೊಟ್ಟೆ ಒಡೆದ ಮೇಲೆ ಆ ಗೂಡಿನ ಉಳಿದ ಮೊಟ್ಟೆ ಮರಿಗಳು ಏನಾಗುತ್ತವೆ? ತಾಯಿ ಕೋಗಿಲೆ ಬಂದು ತಳ್ಳುತ್ತದೆ ಎಂದು ಆಗಿನವರು ಹೇಳುತ್ತಿದ್ದರು. ಜೆನ್ನರ್ ಗೂಡುಗಳ ಬಳಿ ಕಾದು ಕೂತು ನೋಡಿದರು. ಕಣ್ಣೂ ಬಿಡದ ಕೋಗಿಲೆಮರಿಯೇ ಬೆನ್ನಿನ ಮೇಲಿನ ಪುಟ್ಟ ಗುಳಿಯಲ್ಲಿ ಪಕ್ಕದ ಮೊಟ್ಟೆಯನ್ನು ಹೊತ್ತು ಗೂಡಿನ ಅಂಚಿಗೆ ತಂದು ಕೆಡವುತ್ತಿತ್ತು. 1788ರಲ್ಲಿ ಅದನ್ನು ಬರೆದು ಪ್ರಕಟಿಸಿದರು, ಮರುವರ್ಷ ಫೆಲೋ ಆದರು. ಹಲವರು ನಂಬಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಮೆರಾ ಹಿಡಿದವರು ಅವರು ಕಂಡದ್ದು ನಿಜವೆಂದು ತೋರಿಸಿಕೊಟ್ಟರು.

ಜನ ಆಡುವ ಮಾತನ್ನು ಕೇಳಿಸಿಕೊಳ್ಳುವುದು, ಅದು ಹೌದೋ ಅಲ್ಲವೋ ಎಂದು ತಾನೇ ನೋಡುವುದು ಈ ಮನುಷ್ಯನ ಸ್ವಭಾವವಾಗಿತ್ತು. ಸಿಡುಬಿನ ವಿಷಯದಲ್ಲೂ ಕೆಲಸಕ್ಕೆ ಬಂದದ್ದು ಇದೇ.

ಲಸಿಕೆಗೂ ಮೊದಲು

ಸಿಡುಬು ಎಂದರೆ ಏನೆಂದು ನಮ್ಮ ಮಕ್ಕಳಿಗೆ ಹೇಳುವುದು ಕಷ್ಟ. 'ಚಿಕನ್‌ಪಾಕ್ಸ್ ತರಹದ್ದು' ಎಂದು ಅವರು ತಿಳಿಯುತ್ತಾರೆ. ಅದು ಇದಲ್ಲ. ದೊಡ್ಡ ಅಮ್ಮ, ಮೈಲಿ, ದೇವಿ ಬೇನೆ ಎಂದು ನಮ್ಮ ಕಡೆ ಹೆದರಿ ಹೆದರಿ ಹೆಸರಿಸುತ್ತಿದ್ದ ಈ ರೋಗ ಬಂದವರಲ್ಲಿ ಸುಮಾರು ಮೂವರಿಗೆ ಒಬ್ಬರು ಸಾಯುತ್ತಿದ್ದರು. ಉಳಿದವರಲ್ಲಿ ಹಲವರ ಕಣ್ಣು ಹೋಗುತ್ತಿತ್ತು, ಮುಖದ ತುಂಬ ಗುಳಿ ಉಳಿಯುತ್ತಿತ್ತು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ಇಪ್ಪತ್ತನೆಯ ಶತಮಾನವೊಂದರಲ್ಲೇ ಜಗತ್ತಿನಲ್ಲಿ ಸತ್ತವರು ಸುಮಾರು 30 ಕೋಟಿ.

ಆದರೆ ಒಂದು ಸಂಗತಿ ಎಲ್ಲ ಕಡೆಯ ಜನಕ್ಕೂ ತಿಳಿದಿತ್ತು. ಒಮ್ಮೆ ಬಂದು ಬದುಕಿದವರಿಗೆ ಸಿಡುಬು ಮತ್ತೆ ಬರುವುದಿಲ್ಲ. ಹಾಗಾಗಿ ಸೌಮ್ಯವಾಗಿ ಬಂದವರ ಗುಳ್ಳೆಯ ಕೀವನ್ನೋ ಒಣಗಿದ ಹೊಪ್ಪಳೆಯನ್ನೋ ತೆಗೆದು, ಆರೋಗ್ಯವಂತರ ಚರ್ಮಕ್ಕೆ ಚುಚ್ಚಿಯೋ ಮೂಗಿಗೆ ಏರಿಸಿಯೋ ಬೇಕೆಂದೇ ಸಿಡುಬು ತರಿಸುವ ಪದ್ಧತಿ ಚೀನಾ, ಭಾರತ, ಆಫ್ರಿಕಾ, ತುರ್ಕಿ ದೇಶಗಳಲ್ಲಿ ಬಳಕೆಯಲ್ಲಿತ್ತು. ಬಂಗಾಳದಲ್ಲಿ ಟೀಕಾದಾರರು ಊರೂರು ತಿರುಗಿ ಇದನ್ನೇ ಮಾಡುತ್ತಿದ್ದರು. ಇಂಗ್ಲಿಷರು ಇದನ್ನು ಕಲಿತದ್ದು ಪೂರ್ವದವರಿಂದ. ಬ್ರಿಟಿಷ್ ರಾಯಭಾರಿಯ ಪತ್ನಿ ಲೇಡಿ ಮೇರಿ ಮಾಂಟೆಗ್ಯೂ ತುರ್ಕಿಯಲ್ಲಿ ಇದನ್ನು ಕಂಡು ಮಗನಿಗೆ ಅಲ್ಲೇ ಮಾಡಿಸಿದರು. 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದರು. ಇದಕ್ಕೆ ವೇರಿಯೊಲೇಶನ್ ಎಂಬ ಹೆಸರು ಬಂತು.

ತೊಂದರೆ ಏನೆಂದರೆ, ಹೀಗೆ ತರಿಸಿದ್ದು ನಿಜವಾದ ಸಿಡುಬೇ. ಕೆಲವರು ಅದರಿಂದಲೇ ಸಾಯುತ್ತಿದ್ದರು. ಬದುಕಿದವರಿಂದಲೂ ಸುತ್ತಲಿನವರಿಗೆ ರೋಗ ಹರಡುತ್ತಿತ್ತು. ಎಂಟು ವರ್ಷದ ಜೆನ್ನರ್‌ಗೂ 1757ರಲ್ಲಿ ಇದನ್ನೇ ಮಾಡಿಸಿದರು. ಮೊದಲು ಉಪವಾಸ ಕೆಡವಿದರು, ಮೈಯಿಂದ ರಕ್ತ ತೆಗೆದರು, ಆಮೇಲೆ ಸಿಡುಬು ಚುಚ್ಚಿ ಇತರ ಮಕ್ಕಳ ಜೊತೆ ಒಂದು ಕುದುರೆ ಲಾಯದಲ್ಲಿ ಕೂಡಿಹಾಕಿದರು. ಆ ದಿನಗಳ ನೆನಪು ಜೆನ್ನರ್‌ಗೆ ಕೊನೆಯವರೆಗೂ ಹೋಗಲಿಲ್ಲ.

ಹಾಲು ಕರೆಯುವವರು ಹೇಳುತ್ತಿದ್ದ ಮಾತು

ಬಾರ್ಕ್ಲಿ ಸುತ್ತಮುತ್ತ ಹೈನುಗಾರಿಕೆಯ ಹಳ್ಳಿಗಳು. ಹಸುಗಳ ಕೆಚ್ಚಲಿನ ಮೇಲೆ ಒಮ್ಮೊಮ್ಮೆ ಗುಳ್ಳೆ ಏಳುತ್ತಿದ್ದವು. ಹಾಲು ಕರೆಯುವ ಹೆಂಗಸರ ಕೈಗೂ ಅವು ಅಂಟುತ್ತಿದ್ದವು. ನಾಲ್ಕು ದಿನ ಜ್ವರ, ಕೈಮೇಲೆ ಹುಣ್ಣು, ಅಷ್ಟಕ್ಕೇ ಮುಗಿಯುತ್ತಿತ್ತು. ಈ 'ಹಸುವಿನ ಸಿಡುಬು' ಬಂದವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದು ಅಲ್ಲಿನ ರೈತಾಪಿ ಜನರ ನಂಬಿಕೆ. ಜೆನ್ನರ್‌ಗಿಂತ ಇಪ್ಪತ್ತೆರಡು ವರ್ಷ ಮೊದಲೇ, 1774ರಲ್ಲಿ, ಡಾರ್ಸೆಟ್ಟಿನ ಬೆಂಜಮಿನ್ ಜೆಸ್ಟಿ ಎಂಬ ರೈತ ಈ ನಂಬಿಕೆಯ ಮೇಲೆ ಧೈರ್ಯ ಮಾಡಿ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಸುವಿನ ಗುಳ್ಳೆಯ ರಸವನ್ನು ಸೂಜಿಯಿಂದ ಚುಚ್ಚಿದ್ದ. ಹಾಗಾಗಿ ಮೊದಲು ಮಾಡಿದವರು ಜೆನ್ನರ್ ಎಂದು ಹೇಳುವುದು ಸರಿಯಲ್ಲ. ಅದನ್ನು ಪರೀಕ್ಷಿಸಿ, ಬರೆದಿಟ್ಟು, ಯಾರು ಬೇಕಾದರೂ ಮಾಡಿ ನೋಡುವಂತೆ ಜಗತ್ತಿಗೆ ಹೇಳಿದವರು ಅವರು.

1796ರ ಮೇ 14ರಂದು, ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಮೇಲಿನ ಗುಳ್ಳೆಯಿಂದ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಜೆನ್ನರ್ ಹಚ್ಚಿದರು. ಸಾರಾಗೆ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್. ಹುಡುಗ ಜೆನ್ನರ್ ಅವರ ತೋಟದ ಕೆಲಸದವನ ಮಗ. ಸ್ವಲ್ಪ ಜ್ವರ ಬಂತು, ಹೋಯಿತು. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿದರು. ಏನೂ ಆಗಲಿಲ್ಲ.

ಈ ಜಾಗಕ್ಕೆ ಬಂದಾಗ ನನ್ನ ಹದಿನಾಲ್ಕು ವರ್ಷದ ಮಗಳು ನಿಂತುಬಿಟ್ಟಳು. "ಅಮ್ಮಾ, ಏನಾದರೂ ಆಗಿದ್ದರೆ? ಅವನ ಅಪ್ಪ ಬೇಡ ಅನ್ನೋಕೆ ಆಗ್ತಿತ್ತಾ? ಡಾಕ್ಟರ್ ಮನೆಯಲ್ಲೇ ಕೆಲಸ ತಾನೆ?" ಎಂದಳು. ಸರಿಯಾದ ಪ್ರಶ್ನೆ. ವೇರಿಯೊಲೇಶನ್ ಆಗ ಎಲ್ಲರೂ ಮಾಡಿಸುತ್ತಿದ್ದ ಪದ್ಧತಿ, ಜುಲೈಯಲ್ಲಿ ಚುಚ್ಚಿದ್ದು ಹುಡುಗನಿಗೆ ಹೇಗೂ ಚುಚ್ಚಿಸಬಹುದಾಗಿದ್ದದ್ದೇ ಎಂದು ನಾನು ಸಮಜಾಯಿಷಿ ಹೇಳಿದೆ. ಅದು ಸುಳ್ಳಲ್ಲ. ಆದರೂ ಇಂದು ಯಾವ ಆಸ್ಪತ್ರೆಯಲ್ಲೂ ಇಂಥ ಪರೀಕ್ಷೆಗೆ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಆ ಹುಡುಗನ ತೋಳಿನ ಋಣ ಜಗತ್ತಿನ ಮೇಲಿದೆ ಎನ್ನುವುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಜೆನ್ನರ್ ಬರೆದು ಕಳಿಸಿದ್ದನ್ನು ರಾಯಲ್ ಸೊಸೈಟಿ ಪ್ರಕಟಿಸಲಿಲ್ಲ. ಅವರು ಇನ್ನಷ್ಟು ಜನರನ್ನು ಪರೀಕ್ಷಿಸಿ, ಒಟ್ಟು 23 ಪ್ರಕರಣಗಳ ವಿವರದೊಡನೆ 1798ರಲ್ಲಿ ತಾವೇ ಒಂದು ಪುಸ್ತಕ ಅಚ್ಚು ಹಾಕಿಸಿದರು. ಸಾರಾಳ ಹುಣ್ಣಾದ ಕೈಯ ಬಣ್ಣದ ಚಿತ್ರ ಅದರಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ 'ವಾಕಾ' ಎಂದರೆ ಹಸು. ವ್ಯಾಕ್ಸಿನ್ ಎಂಬ ಪದ ಹುಟ್ಟಿದ್ದು ಅದರಿಂದ.

ಹಸುವಿನ ರೋಗ ಮನುಷ್ಯನ ರೋಗವನ್ನು ತಡೆಯುವುದು ಹೇಗೆ? ಇವೆರಡೂ ಒಂದೇ ಕುಟುಂಬದ ವೈರಸ್‌ಗಳು. ಮೇಲುಹೊದಿಕೆಯಲ್ಲಿ ಬಹಳ ಹೋಲಿಕೆ ಇದೆ. ಸೌಮ್ಯವಾದ ತಮ್ಮನನ್ನು ಒಮ್ಮೆ ಕಂಡು ಹೋರಾಡಿದ ದೇಹ, ಉಗ್ರನಾದ ಅಣ್ಣ ಬಂದಾಗ ಅದೇ ಮುಖಚಹರೆಯಿಂದ ಗುರುತು ಹಿಡಿಯುತ್ತದೆ. ಇನ್ನೊಂದು ಸ್ವಾರಸ್ಯ: ಈ ರೋಗ ಹಸುವಿಗೆ ಬಂದದ್ದು ಕುದುರೆಯಿಂದ ಎಂದು ಜೆನ್ನರ್ ಊಹಿಸಿದ್ದರು. ಇತ್ತೀಚೆಗೆ ನೂರು ವರ್ಷ ಹಳೆಯ ಲಸಿಕೆಯೊಂದರ ಮಾದರಿಯ ಜೀನ್‌ಗಳನ್ನು ಓದಿದಾಗ ಅದು ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬಿಗೇ ಹತ್ತಿರವಿರುವುದು ಕಂಡುಬಂದಿದೆ.

ತೋಟದ ಗುಡಿಸಲು

ಮನೆಯ ಹಿಂದಿನ ತೋಟವೇ ಈ ಜಾಗದ ಜೀವಾಳ. ಗೋಡೆಯ ಒಳಗೆ ಹುಲ್ಲುಹಾಸು, ಹೂಪಾತಿ, ದೊಡ್ಡ ಮರಗಳು. ಗಾಜಿನ ಮನೆಯಲ್ಲೊಂದು ದ್ರಾಕ್ಷಿ ಬಳ್ಳಿ ಇದೆ. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೆಸರಾದ ಬಳ್ಳಿಯ ಕಡ್ಡಿ ತಂದು ನೆಟ್ಟು ಬೆಳೆಸಿದ್ದು. ಒಂದು ಮೂಲೆಯಲ್ಲಿ, ತೊಗಟೆಯೂ ತೆಗೆಯದ ಒರಟು ಮರದಿಂದ ಕಟ್ಟಿದ ಪುಟ್ಟ ಗುಡಿಸಲು. ಜೆನ್ನರ್ ಅವರ ಗೆಳೆಯ ಪಾದ್ರಿ ರಾಬರ್ಟ್ ಫೆರಿಮನ್ ಕಟ್ಟಿಸಿಕೊಟ್ಟದ್ದು. ಪುಸ್ತಕ ಬಂದ ಮೇಲೆ ಊರಿನ ಬಡವರಿಗೆಲ್ಲ ಜೆನ್ನರ್ ದುಡ್ಡಿಲ್ಲದೆ ಲಸಿಕೆ ಹಾಕಿದ್ದು ಇಲ್ಲಿಯೇ. ಆ ಗುಡಿಸಲಿಗೆ ಅವರಿಟ್ಟ ಹೆಸರು 'ಟೆಂಪಲ್ ಆಫ್ ವ್ಯಾಕ್ಸಿನಿಯಾ'.

ಮಗಳು ಅಜ್ಜಿಗೆ ಅದನ್ನು 'ದೇವಸ್ಥಾನ' ಎಂದೇ ಅನುವಾದಿಸಿದಳು. ಅತ್ತೆ ಒಳಗೆ ಇಣುಕಿ, "ದೇವರು ಎಲ್ಲಿ?" ಎಂದರು. ದೇವರಿಲ್ಲ, ಹೆಸರು ಹಸುವಿನದು ಎಂದು ಹೇಳಿದೆವು. "ಹಾಗಾದರೆ ಸರಿ" ಎಂದು ಅಲ್ಲೇ ಬೆಂಚಿನ ಮೇಲೆ ಕೂತರು. ಅವರು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ. ಈ ಗುಡಿಸಲಿನಿಂದ ನಮ್ಮ ನಾಡಿಗೆ ಲಸಿಕೆ ಹೇಗೆ ಬಂತು ಎನ್ನುವುದನ್ನು ಮೊದಲು ಹೇಳಬೇಕು.

ತೋಳಿನಿಂದ ತೋಳಿಗೆ

ಆಗ ಫ್ರಿಜ್ ಇರಲಿಲ್ಲ. ರಸವನ್ನು ದಾರಕ್ಕೆ ಅದ್ದಿ ಒಣಗಿಸಿ, ಅಥವಾ ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಕಳಿಸುತ್ತಿದ್ದರು. ಭಾರತಕ್ಕೆ ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ. ಸೆಕೆಗೆ ಅದು ಸತ್ತುಹೋಗುತ್ತಿತ್ತು. ಜೆನ್ನರ್ ಇಲ್ಲಿಂದ ಕಳಿಸಿದ್ದು ತಲುಪಿ ಫಲ ಕೊಡಲಿಲ್ಲ. ಉಳಿದ ದಾರಿ ಒಂದೇ. ಒಬ್ಬರಿಗೆ ಲಸಿಕೆ ಹಾಕಿದರೆ ಎಂಟು ದಿನಕ್ಕೆ ಗುಳ್ಳೆ ಪಕ್ವವಾಗುತ್ತದೆ. ಅದರ ರಸ ತೆಗೆದು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ಹೀಗೆ ಮನುಷ್ಯರ ತೋಳಿನ ಮೇಲೆಯೇ ಲಸಿಕೆಯನ್ನು ಜೀವಂತವಾಗಿ ಸಾಗಿಸಬೇಕು. ಸರಪಳಿಯ ಒಂದು ಕೊಂಡಿ ತಪ್ಪಿದರೂ ಮುಗಿಯಿತು. ಸ್ಪೇನ್ ದೇಶ 1803ರಲ್ಲಿ ಅಮೆರಿಕ ಖಂಡಕ್ಕೆ ಲಸಿಕೆ ಕಳಿಸಿದ್ದು ಇಪ್ಪತ್ತೆರಡು ಅನಾಥ ಹುಡುಗರನ್ನು ಹಡಗಿಗೆ ಹತ್ತಿಸಿ.

ಭಾರತಕ್ಕೆ ಅದು ಬಂದದ್ದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ಮಾರ್ಗವಾಗಿ. ವಿಯೆನ್ನಾದ ವೈದ್ಯ ಜಾನ್ ದ ಕಾರೊ ಈ ಹಾದಿಗೆ ಕಾರಣರು. ಬಸ್ರಾದಿಂದ ಹಡಗಿನಲ್ಲಿ ಮುಂಬಯಿಗೆ ಬಂದ ರಸ 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಮಾತ್ರ ಹಿಡಿಯಿತು. ಬಹಳ ಸಮಾಧಾನದ ಮಗು ಎಂದು ಲಸಿಕೆ ಹಾಕಿದ ವೈದ್ಯರು ಬರೆದಿಟ್ಟಿದ್ದಾರೆ. ಮುಂದಿನ ವಾರ ಅವಳ ತೋಳಿನಿಂದ ಮುಂಬಯಿಯ ಐದು ಮಕ್ಕಳಿಗೆ, ಅವರಿಂದ ಇನ್ನಷ್ಟು ಮಕ್ಕಳಿಗೆ. ಹೀಗೆಯೇ ಮದರಾಸು, ಮೈಸೂರು, ಕಲ್ಕತ್ತ, ಸಿಲೋನ್‌ಗಳಿಗೆ ಲಸಿಕೆ ಹರಡಿತು.

ಮೈಸೂರಿನ ರಾಣಿಯ ಚಿತ್ರ

ಮೈಸೂರಿನಲ್ಲಿ ಆಗ ಏನು ನಡೆಯುತ್ತಿತ್ತು? 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರು. ಪೂರ್ಣಯ್ಯ ದಿವಾನರು. ಕಂಪನಿಯ ರೆಸಿಡೆಂಟರು ಮೇಲ್ವಿಚಾರಕರು. 1805ರ ಸುಮಾರಿಗೆ ದೇವಾಜಮ್ಮಣ್ಣಿ ಎಂಬ ಹನ್ನೆರಡು ವರ್ಷದ ಹುಡುಗಿ ಬಾಲರಾಜನ ಕೈಹಿಡಿದು ಅರಮನೆಗೆ ಬಂದಳು.

ಅದೇ ಹೊತ್ತಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದದ್ದೆಂದು ಹೇಳುವ ಒಂದು ತೈಲಚಿತ್ರವಿದೆ. ಮೂವರು ಹೆಂಗಸರು, ಮೈತುಂಬ ಒಡವೆ. ನರ್ತಕಿಯರ ಚಿತ್ರವೆಂದೇ ಬಹುಕಾಲ ತಿಳಿದಿದ್ದರು. 2001ರಲ್ಲಿ ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆಯೇ ವಾದ ಮುಂದಿಟ್ಟರು. ಬಲಗಡೆಯವಳು ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯಲ್ಲಿ ಮುಚ್ಚಿರಬೇಕಾದ ಎಡತೋಳನ್ನು ಬಿಟ್ಟು, ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಅವಳ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಇರುವ ಬಣ್ಣಗೇಡು ಹಳೆಯ ಪದ್ಧತಿಯಂತೆ ಸಿಡುಬನ್ನು ಮೂಗಿಗೆ ಏರಿಸಿದ್ದರ ಗುರುತು. ನಡುವೆ ನಿಂತವರು ರಾಜನ ಅಜ್ಜಿ ಎನಿಸಿದ ಲಕ್ಷ್ಮಮ್ಮಣ್ಣಿ. ಹಳೆಯ ಚುಚ್ಚು ಒಂದು ಕಡೆ, ಹೊಸ ಲಸಿಕೆ ಇನ್ನೊಂದು ಕಡೆ, ನಡುವೆ ಮನೆಯ ಹಿರಿಯರ ಒಪ್ಪಿಗೆ. ಲಸಿಕೆಯ ಪ್ರಚಾರಕ್ಕೆಂದೇ ಬರೆಸಿದ ಚಿತ್ರ ಇದು ಎಂಬುದು ಅವರ ವಾದ.

ಇದು ಒಬ್ಬ ವಿದ್ವಾಂಸರ ಓದು. ಚಿತ್ರದ ಮೇಲೆ ಯಾರ ಹೆಸರೂ ಬರೆದಿಲ್ಲ. ಆದರೆ ರಾಣಿಗೆ ಲಸಿಕೆ ಹಾಕಿದ್ದು ಕಂಡು ಜನ ತಾವಾಗಿ ಮುಂದೆ ಬಂದರು ಎಂಬ ಮಾತು 1806ರ ದಾಖಲೆಯಲ್ಲಿದೆ. ಅರಮನೆಯ ಹೆಣ್ಣುಮಕ್ಕಳು ಪರಪುರುಷರ ಕಣ್ಣಿಗೂ ಬೀಳದಿದ್ದ ಆ ಕಾಲದಲ್ಲಿ, ಪರದೇಶಿ ಚಿತ್ರಗಾರನ ಮುಂದೆ ತೋಳು ತೋರಿಸಿ ನಿಂತದ್ದೇ ನಿಜವಾದರೆ ಅದು ಸಣ್ಣ ಸಂಗತಿಯಲ್ಲ. ಅವಳ ಇಷ್ಟ ಎಷ್ಟಿತ್ತು, ಕಂಪನಿಯ ಒತ್ತಾಯ ಎಷ್ಟಿತ್ತು ಎಂದು ಮಗಳು ಇಲ್ಲಿಯೂ ಕೇಳಿದಳು. ಫಿಪ್ಸ್‌ನ ವಿಷಯದಲ್ಲಿ ಹೇಗೋ ಹಾಗೆ ಇಲ್ಲಿಯೂ ಆ ಮಗುವಿನ ಮಾತನ್ನು ಯಾರೂ ಬರೆದಿಟ್ಟಿಲ್ಲ. ಲಾಯದಲ್ಲಿ ಕೂಡಿಹಾಕಿದ ಜೆನ್ನರ್‌ಗೆ ಎಂಟು, ಫಿಪ್ಸ್‌ಗೆ ಎಂಟು, ಅನ್ನಾಗೆ ಮೂರು, ದೇವಾಜಮ್ಮಣ್ಣಿಗೆ ಹನ್ನೆರಡು. ಸಿಡುಬಿನ ಲಸಿಕೆಯ ಚರಿತ್ರೆ ಎಂದರೆ ಮಕ್ಕಳ ತೋಳುಗಳ ಚರಿತ್ರೆಯೇ.

ಹೆದರಿದವರು

ಲಸಿಕೆಗೆ ಹೆದರಿದವರು ನಮ್ಮ ಹಳ್ಳಿಗಳಲ್ಲಿ ಮಾತ್ರ ಇದ್ದರು ಎಂದುಕೊಳ್ಳಬಾರದು. 1802ರಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರ, ಲಸಿಕೆ ಹಾಕಿಸಿಕೊಂಡ ಲಂಡನ್ನಿಗರ ಮೂಗು ತೋಳುಗಳಿಂದ ಹಸುಗಳು ಮೊಳೆಯುವಂತೆ ಚಿತ್ರ ಬರೆದ. ಇಂಗ್ಲೆಂಡಿನಲ್ಲಿ 1853ರಲ್ಲಿ ಲಸಿಕೆ ಕಡ್ಡಾಯವಾಯಿತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಹತ್ತಾರು ಸಾವಿರ ಜನ ಅದರ ವಿರುದ್ಧ ಮೆರವಣಿಗೆ ಹೊರಟರು. ಅವರ ಭಯಕ್ಕೆ ಕಾರಣವೂ ಇತ್ತು. ತೋಳಿನಿಂದ ತೋಳಿಗೆ ಹಾಕುವಾಗ ಒಮ್ಮೊಮ್ಮೆ ಬೇರೆ ರೋಗಗಳೂ ದಾಟುತ್ತಿದ್ದವು. ಕೊನೆಗೆ 1898ರಲ್ಲಿ ಆ ಪದ್ಧತಿಯನ್ನೇ ಇಲ್ಲಿ ನಿಲ್ಲಿಸಿದರು. ಆ ಹೊತ್ತಿಗೆ ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುವ ಕ್ರಮ ಬಂದಿತ್ತು. ಬೆಳಗಾವಿಯವರಿಗೆ ಗೊತ್ತಿರುವ ಟಿಳಕವಾಡಿಯ 'ವ್ಯಾಕ್ಸಿನ್ ಡಿಪೋ' ಮೈದಾನಕ್ಕೆ ಆ ಹೆಸರು ಬಂದದ್ದು, ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆ ಅಲ್ಲಿದ್ದದ್ದರಿಂದ. ಈಗ ಅಲ್ಲಿ ವಾಕಿಂಗ್ ಮಾಡುವವರಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆಯೋ.

ಬೆಂಚಿನ ಮೇಲೆ ಕೇಳಿದ್ದು

ಇನ್ನು ಅತ್ತೆಯವರ ಮಾತು. ಅವರ ಎಡತೋಳಿನ ಮೇಲೆ ಎರಡು ದುಂಡನೆಯ ಕಲೆಗಳಿವೆ, ಒಂದೊಂದೂ ಹಳೆಯ ನಾಲ್ಕಾಣೆಯಷ್ಟು ಅಗಲ. ಮಗಳು ಹುಟ್ಟಿದಂದಿನಿಂದ ಅವನ್ನು ನೋಡಿದ್ದಾಳೆ, ಏನೆಂದು ಕೇಳಿರಲಿಲ್ಲ. ಅಂದು ಕೇಳಿದಳು.

"ದಾಕು ಹಾಕಿದ್ದು ಕಣೇ" ಎಂದರು ಅತ್ತೆ. ಅರಸೀಕೆರೆ ಕಡೆಯ ಹಳ್ಳಿ ಅವರದು. ಆಗ ಅವರಿಗೆ ಆರು ವರ್ಷ. ದಾಕು ಹಾಕುವವರು ಊರಿಗೆ ಬಂದರು ಎಂದರೆ ತಾಯಂದಿರು ಮಕ್ಕಳನ್ನು ಹಿತ್ತಲಿಗೆ, ಹುಲ್ಲಿನ ಬಣವೆಯ ಹಿಂದಕ್ಕೆ ಓಡಿಸುತ್ತಿದ್ದರಂತೆ. ಹಲ್ಲುಗಳಿರುವ ಬಿಲ್ಲೆಯನ್ನು ತೋಳಿಗೆ ಒತ್ತಿ ಗರಗರ ತಿರುಗಿಸುತ್ತಿದ್ದರು. ಜ್ವರ ಬರುತ್ತಿತ್ತು, ಗಾಯ ಕೀವಾಗುತ್ತಿತ್ತು. ಇವರು ಓಡಲಾರದೆ ಸಿಕ್ಕಿಬಿದ್ದರು. ಎರಡು ವರ್ಷದ ತಮ್ಮನನ್ನು ಅವರಮ್ಮ ಅಟ್ಟದ ಮೇಲೆ ಮಲಗಿಸಿ, ಮನೆಯಲ್ಲಿ ಬೇರೆ ಮಗುವಿಲ್ಲ ಎಂದುಬಿಟ್ಟರು. ಮೂವರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಗಂಡುಮಗು ಅದು. ಮುಂದಿನ ಬೇಸಿಗೆಯಲ್ಲಿ ಊರಿಗೆ ಅಮ್ಮ ಬಂತು. ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ಹರಕೆ ಹೊತ್ತರು. ಹತ್ತನೆಯ ದಿನಕ್ಕೆ ಮಗು ಹೋಯಿತು. ಪಕ್ಕದಲ್ಲೇ ಮಲಗುತ್ತಿದ್ದ ಇವರಿಗೆ ಏನೂ ಆಗಲಿಲ್ಲ.

"ನಮ್ಮವ್ವ ಸಾಯೋವರೆಗೂ ಆ ಮಾತು ಎತ್ತಲಿಲ್ಲ. ನಾವೂ ಕೇಳಲಿಲ್ಲ. ಪ್ರೀತಿಗೇ ಬಚ್ಚಿಟ್ಟಳು, ಪಾಪ" ಎಂದರು ಅತ್ತೆ. ನನ್ನ ಪತಿಗೂ ಅಂಥ ಒಬ್ಬ ಸೋದರಮಾವ ಇದ್ದರೆಂದು ಅಂದೇ ಗೊತ್ತಾದದ್ದು.

ಮಗಳು ಏನೂ ಹೇಳದೆ ಅಜ್ಜಿಯ ಪಕ್ಕ ಕೂತು ಆ ಕಲೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ತೋಳಿನ ಕಲೆಯೂ ಅದೇನಾ ಎಂದು ಕೇಳಿದಳು. ಅಲ್ಲ, ನನ್ನದು ಕ್ಷಯಕ್ಕೆ ಹಾಕುವ ಬಿಸಿಜಿಯದು. ನಮ್ಮ ವಯಸ್ಸಿನ ಬಹಳ ಮಂದಿ ಇದನ್ನೇ ಸಿಡುಬಿನದೆಂದು ತಿಳಿದಿದ್ದಾರೆ. ಬ್ರಿಟನ್ನಿನಲ್ಲಿ ಸಿಡುಬಿನ ಲಸಿಕೆ ಎಲ್ಲ ಮಕ್ಕಳಿಗೂ ಹಾಕುವುದು 1971ರಲ್ಲೇ ನಿಂತಿತು. ಭಾರತದಲ್ಲಿ ಕೊನೆಯ ರೋಗಿ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. ಕೆಲವು ವರ್ಷಗಳಲ್ಲೇ ಅಲ್ಲಿಯೂ ಲಸಿಕೆ ನಿಂತಿತು. ತಾನಾಗಿ ಹರಡಿದ ಸಿಡುಬಿನ ಕೊನೆಯ ರೋಗಿ 1977ರಲ್ಲಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, ಅವರು ಬದುಕಿದರು. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ, ಜಗತ್ತಿನಲ್ಲಿ ಸಿಡುಬು ಇನ್ನಿಲ್ಲ ಎಂದು ಘೋಷಿಸಿತು. ಮನುಷ್ಯರ ರೋಗಗಳಲ್ಲಿ ಹೀಗೆ ಪೂರ್ತಿ ಅಳಿಸಿಹೋದದ್ದು ಇಂದಿಗೂ ಇದೊಂದೇ.

ಹೋಗುವವರಿಗೆ

ಮನೆ ಚಿಕ್ಕದು, ಎರಡು ಮೂರು ಗಂಟೆ ಧಾರಾಳ ಸಾಕು. ವರ್ಷವಿಡೀ ತೆರೆದಿರುವುದಿಲ್ಲ, ಆದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ. ಹಳೆಯ ಮನೆಯಾದ್ದರಿಂದ ಒಳಗೆ ಮೆಟ್ಟಿಲುಗಳಿವೆ. ಹತ್ತಲಾಗದವರು ತೋಟದಲ್ಲಿ ಕೂರಬಹುದು. ಬ್ಲಾಸಮ್ ಹಸುವಿನದೆನ್ನುವ ಕೊಂಬನ್ನು ಇಲ್ಲಿ ಕಾಣಬಹುದು. ಅವಳ ಚರ್ಮ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿದೆ. ಮಕ್ಕಳಿಗೆ ಇನ್ನೂ ಉತ್ಸಾಹ ಉಳಿದಿದ್ದರೆ ಹತ್ತಿರದಲ್ಲೇ ಸ್ಲಿಮ್‌ಬ್ರಿಜ್ ಪಕ್ಷಿಧಾಮವಿದೆ.

ಚರ್ಚಿನ ಬಳಿಯ ಓಣಿಯಲ್ಲಿರುವ ಪುಟ್ಟ ಮನೆಯೊಂದನ್ನೂ ನೋಡಿ ಬನ್ನಿ. ಜೇಮ್ಸ್ ಫಿಪ್ಸ್ ಬೆಳೆದು ಸಂಸಾರಸ್ಥನಾದಾಗ ಜೆನ್ನರ್ ಅವನಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಮನೆ ಅದು. ಅದರ ಮುಂದಿನ ತೋಟಕ್ಕೆ ಗುಲಾಬಿ ಗಿಡಗಳನ್ನು ಅವರೇ ನೆಟ್ಟರಂತೆ. 1968ರಲ್ಲಿ ಜೆನ್ನರ್ ಮ್ಯೂಸಿಯಂ ಶುರುವಾದದ್ದು ಆ ಮನೆಯಲ್ಲೇ. ಅಲ್ಲಿಯವರೆಗೆ ಪಾದ್ರಿಗಳ ವಾಸಕ್ಕಿದ್ದ ಚಾಂಟ್ರಿಗೆ ಅದು ಬಂದದ್ದು 1985ರಲ್ಲಿ, ಜಪಾನಿನ ದಾನಿ ರ್ಯೋಯಿಚಿ ಸಸಕಾವಾ ಅವರ ನೆರವಿನಿಂದ. ಜೆನ್ನರ್ ತೀರಿಕೊಂಡಾಗ ಶವಯಾತ್ರೆಯಲ್ಲಿ ಫಿಪ್ಸ್ ಕೂಡ ನಡೆದಿದ್ದ.

ಸಾಧ್ಯವಾದರೆ ಊರಿನಿಂದ ಅಜ್ಜಿ ತಾತ ಬಂದಿರುವಾಗಲೇ ಹೋಗಿ. ಇಂದಿನ ಕಿರಿಯರಲ್ಲಿ ಬಹುತೇಕ ಯಾರ ತೋಳಿನ ಮೇಲೂ ಇಲ್ಲದ ಆ ದುಂಡನೆಯ ಗುರುತನ್ನು ಮಕ್ಕಳಿಗೆ ತೋರಿಸಬಲ್ಲವರು ಅವರು ಮಾತ್ರ. ಅದು ಹೇಗೆ ಬಂತು, ಯಾರಿಗೆ ಬರಲಿಲ್ಲ ಎಂದು ಕೇಳಿ. ಅವರು ಹೇಳುವಷ್ಟು ಹೊತ್ತು ಕೂರಲು ಆ ತೋಟದಲ್ಲಿ ನೆರಳಿದೆ.